ಧಾರ್ವ್ಯಾಕ್ ಕಂಡ ಏಳು ತೂತುಗಳು

ಸತ್ತುಹೋದ ಯಂತ್ರಕ್ಕೂ ನೆನಪು ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ಶ್ರೀಪಾದ ತಡಕೋಡರು ಒಂದು ಕಾಲಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಂಬತ್ತೇಳನೆಯ ವಯಸ್ಸಿನಲ್ಲಿ, ಧಾರವಾಡದ ಸಪ್ತಾಪುರದ ತಮ್ಮ ಮನೆಯಲ್ಲಿ ಮುಂಜಾನೆಯ ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಅದೇ ಮಾತು ಕಿವಿಗೆ ಬಿತ್ತು. ನಗು ಬರಲಿಲ್ಲ. ಅವಲಕ್ಕಿ ಗಂಟಲಿಗೆ ಹತ್ತಿ ಕೆಮ್ಮು ಬಂತು.

“ಸಾವಕಾಶ ತಿನ್ರಿ. ಯಾರು ಕಸಗೊಂಡು ಹೊಂಟಾರ?” ಎಂದು ಹೆಂಡತಿ ವೇಣುಬಾಯಿ ನೀರಿನ ಲೋಟ ಮುಂದೆ ಸರಿಸಿದರು.

ಮಾತು ಆಡಿದವಳು ಡಾಕ್ಟರ್ ರೇಷ್ಮಾ ನದಾಫ್. ಹುಬ್ಬಳ್ಳಿ ರಸ್ತೆಯ ಮೇಲೆ ಹೊಸದಾಗಿ ಎದ್ದಿರುವ ಗಣಕ ಸ್ಮೃತಿ ಭವನದ ವಿಜ್ಞಾನಿ. ಮೂವತ್ತೆರಡು ವರ್ಷದ ಹುಡುಗಿ, ಕಣ್ಣಿನಲ್ಲಿ ನಿದ್ದೆಗೆಟ್ಟ ಖುಷಿ. “ಸರ್, ನಿಮ್ಮ ಧಾರ್ವ್ಯಾಕ್ ಏನೂ ಮರತಿಲ್ರಿ,” ಎಂದು ಆಕೆ ಮತ್ತೊಮ್ಮೆ ಹೇಳಿದಳು. “ಅರವತ್ತು ವರ್ಷದ ಹಿಂದ, ಕಡೇ ದಿನಾ ಅದು ಏನೇನು ಓದಿತ್ತು, ಎಲ್ಲಾ ಒಳಗಽ ಅದ. ಬರೋ ವಾರ ಓದಿ ತೋರಸ್ತೀನಿ.”

ಧಾರ್ವ್ಯಾಕ್ ಎಂದರೆ ಶ್ರೀಪಾದರಾಯರು ತರುಣರಾಗಿದ್ದಾಗ ಧಾರವಾಡದಲ್ಲಿ ನಾಲ್ಕು ಮಂದಿ ಸೇರಿ ಕಟ್ಟಿದ ಗಣಕ. ಅದರ ಸ್ಮೃತಿ ಇವತ್ತಿನ ಚಿಪ್‌ನಂಥದ್ದಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಫೆರೈಟ್ ಉಂಗುರಗಳು, ಸಾವಿರಾರು. ಅವುಗಳನ್ನು ಪೋಣಿಸಿದ ಕೂದಲೆಳೆಯಂಥ ತಂತಿಗಳು. ಉಂಗುರದ ಅಯಸ್ಕಾಂತ ಒಂದು ಕಡೆ ತಿರುಗಿದ್ದರೆ ಒಂದು, ಇನ್ನೊಂದು ಕಡೆ ತಿರುಗಿದ್ದರೆ ಸೊನ್ನೆ. ವಿದ್ಯುತ್ತು ಹೋದರೂ ಉಂಗುರ ತಿರುಗಿದಂತೆಯೇ ಇರುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು. ರೇಷ್ಮಾ ಕಂಡುಹಿಡಿದದ್ದು ಮುಂದಿನದು. ಉಂಗುರ ಹೊರಳುವಾಗ ಅದರೊಳಗಿನ ಕೆಲವು ಕಣಗಳು ಹಟ ಹಿಡಿದು ಹಳೆಯ ದಿಕ್ಕಿಗೇ ಉಳಿಯುತ್ತವೆ. ಮುಂದಿನ ಸಲ ಇನ್ನಷ್ಟು ಕಣಗಳು. ಉಂಗುರವನ್ನು ಚೆನ್ನಾಗಿ ತಣ್ಣಗೆ ಮಾಡಿ, ತೆಳ್ಳನೆಯ ಬೆಳಕು ಹಾಯಿಸಿದರೆ ಈ ಹಟಮಾರಿ ಕಣಗಳು ಪದರು ಪದರಾಗಿ ಕಾಣುತ್ತವೆ. ಯಾವ ಪದರು ಮೊದಲಿನದು, ಯಾವುದು ಆಮೇಲಿನದು ಎಂದು ಲೆಕ್ಕ ಹಾಕುವ ಉಪಕರಣಕ್ಕೆ ಆಕೆ ಪದರಗಣ್ಣು ಎಂದು ಹೆಸರಿಟ್ಟಿದ್ದಳು.

“ಮತ್ತ ಇನ್ನೊಂದು ಸುದ್ದಿ ಅದರಿ,” ಎಂದಳು ರೇಷ್ಮಾ, ವೇಣುಬಾಯಿಯವರ ಕಡೆ ತಿರುಗಿ. “ನಮ್ಮ ಭವನದಾಗ ಒಂದು ಹೆಸರಿನ ಗೋಡಿ ಅದ. ಕೊಲೋಸಸ್, ಮಾರ್ಕ್ ಒನ್, ಎನಿಯಾಕ್, ಎಡ್‌ಸ್ಯಾಕ್, ಯೂನಿವ್ಯಾಕ್, ಉರಾಲ್, ನಮ್ಮ ಟಿಫ್ರ್ಯಾಕ್, ಎಲ್ಲಾವೂ. ಅದರಾಗ ಧಾರ್ವ್ಯಾಕಿಗೂ ಜಾಗಾ ಕೊಟ್ಟೇವಿ. ಕಟ್ಟಿದವರೊಳಗ ಉಳದವರು ಸರ್ ಒಬ್ಬರಽ. ಹಿಂಗಾಗಿ ಅವರ ಹೆಸರು ಕೂಡಿಸಿ ‘ಶ್ರೀಪಾದ ಧಾರ್ವ್ಯಾಕ್’ ಅಂತ ಬರಸೂದು ಅಂತ ಠರಾವಾಗೇದ.”

ವೇಣುಬಾಯಿಯವರ ಮುಖ ಅರಳಿತು. ಎಂಬತ್ತೆರಡು ವರ್ಷದ ಆ ಮುಖ ಅಷ್ಟು ಅರಳಿದ್ದನ್ನು ಶ್ರೀಪಾದರಾಯರು ನೋಡಿ ಬಹಳ ಕಾಲವಾಗಿತ್ತು. ತಟ್ಟೆ ಬದಿಗೆ ಸರಿಸಿ ಅವರು ಕೈ ತೊಳೆಯಲು ಎದ್ದುಹೋದರು. ಬಚ್ಚಲಿನ ಕನ್ನಡಿಯನ್ನು ನೋಡಲಿಲ್ಲ.

ನಡೆದದ್ದು ಸಾವಿರದ ಒಂಬೈನೂರ ಅರವತ್ತೇಳರಲ್ಲಿ. ಆಗ ನಮ್ಮ ರಾಯರಿಗೆ ಇಪ್ಪತ್ತೇಳು ವರ್ಷ. ಬಹುವಚನ ಇನ್ನೂ ಹತ್ತಿರಲಿಲ್ಲ. ಆದ್ದರಿಂದ ಅಲ್ಲಿಯ ಮಟ್ಟಿಗೆ ಶ್ರೀಪಾದ ಎಂದೇ ಕರೆಯೋಣ. ವಿಲಾಯತಿಯಲ್ಲಿ ಎರಡು ವರ್ಷ ಗಣಕ ಕಲಿತು ಬಂದಿದ್ದ. ಬರುವಾಗ ಅಲ್ಲಿಂದ ಒಂದು ಕೋಟು, ಒಂದು ಪೈಪು ಮತ್ತು ಲೆಕ್ಕವಿಲ್ಲದಷ್ಟು ತಿರಸ್ಕಾರ ತಂದಿದ್ದ. ಪೈಪು ಆರು ತಿಂಗಳಲ್ಲಿ ಮುರಿಯಿತು. ತಿರಸ್ಕಾರ ಗಟ್ಟಿಮುಟ್ಟಾಗಿ ಉಳಿಯಿತು.

ಧಾರ್ವ್ಯಾಕ್ ಇದ್ದ ಲ್ಯಾಬಿನಲ್ಲಿ, ಅಂಕಿಗಳನ್ನು ಕಾಗದದ ಟೇಪಿನಲ್ಲಿ ತೂತುಗಳಾಗಿ ರಂಧ್ರಿಸುವ ಕೆಲಸಕ್ಕೆ ಐದು ಹುಡುಗಿಯರಿದ್ದರು. ಅವರಿಗೆ ಜಗತ್ತಿನ ಗಣಕಗಳ ಹೆಸರು ಹುಟ್ಟಿದ ವರ್ಷದ ಸಮೇತ ಬಾಯಿಪಾಠ ಮಾಡಿಸಿದವನು ಅವನೇ. ಎನಿಯಾಕ್, ಸಿಲಿಯಾಕ್, ಮೇನಿಯಾಕ್. “ಎಲ್ಲಾವೂ ‘ಯಾಕ’ ಅಂತ ಕೇಳವಽ ಅದಾವಲ್ರಿ ಸರ್. ಉತ್ತರಾ ಹೇಳಾವ್ರು ಯಾರು?” ಎಂದು ಇಂದುಮತಿ ಹೂಗಾರ ಒಮ್ಮೆ ಕೇಳಿ ಎಲ್ಲರನ್ನೂ ನಗಿಸಿದ್ದಳು. ಇಂದುಮತಿ ಆ ಐವರಲ್ಲಿ ಜಾಣೆ. ಅವಳ ಮನೆತನದ್ದು ಹೂ ಕಟ್ಟುವ ಕಸುಬು. ಬೊಂಬಾಯಿಯಿಂದ ಬಂದ ಫೆರೈಟ್ ಉಂಗುರಗಳನ್ನು ಪೋಣಿಸಲು ಎಂಜಿನಿಯರುಗಳು ಕಣ್ಣು ಕಿರಿದು ಮಾಡಿ ಸೋತಾಗ, ಅವಳು ಮಲ್ಲಿಗೆ ಮೊಗ್ಗು ಕಟ್ಟಿದಷ್ಟು ಸಲೀಸಾಗಿ ಕಟ್ಟಿ ಕೊಟ್ಟಿದ್ದಳು. ಧಾರ್ವ್ಯಾಕಿನ ಸ್ಮೃತಿ ಪೂರ್ತಿ ಅವಳ ಕೈಯಲ್ಲಿ ಹೆಣೆದದ್ದು.

ಮ್ಯಾಂಚೆಸ್ಟರಿನ ಒಂದು ಗಣಕಕ್ಕೆ ಬೇಬಿ ಎಂದು ಹೆಸರಿತ್ತು. ಅದನ್ನು ಶ್ರೀಪಾದ ಹೇಳಿದ್ದೇ ತಪ್ಪಾಯಿತು.

“ಕೂಸು ಅಂದಮ್ಯಾಲ ತೊಟ್ಟಲಕ್ಕ ಹಾಕಬೇಕಲ್ರಿ,” ಎಂದರು ಹುಡುಗಿಯರು.

ಒಂದು ಶನಿವಾರ ಅವನು ಲ್ಯಾಬಿಗೆ ಕಾಲಿಟ್ಟಾಗ ಎರಡು ಕಪಾಟುಗಳ ನಡುವೆ ಸೀರೆಯ ತೊಟ್ಟಿಲು ಕಟ್ಟಿತ್ತು. ಒಳಗೆ ಟೇಪಿನ ಸುರುಳಿ ಮಲಗಿತ್ತು. ಇಂದುಮತಿ ಸೋದರತ್ತೆಯಾಗಿ ಟೇಪು ಓದುವ ಯಂತ್ರದ ಕಿವಿಯ ಹತ್ತಿರ ಬಾಗಿ “ಕುರ್ರ್” ಎಂದು ಹೆಸರು ಹೇಳುತ್ತಿದ್ದಳು. ಹೆಸರಿಡುವ ಪದ್ಧತಿಯಂತೆ ಉಳಿದವರು ಅವಳ ಬೆನ್ನಿಗೆ ಗುದ್ದುತ್ತಿದ್ದರು. ಶ್ರೀಪಾದ ಕೂಗಾಡಿದ. ಇದು ಪ್ರಯೋಗಶಾಲೆ, ನಿಮ್ಮ ಅಜ್ಜಿಯ ಪಡಸಾಲೆ ಅಲ್ಲ, ಯಂತ್ರಕ್ಕೆ ಕಿವಿ ಇಲ್ಲ, ನಿಮಗೆ ಬುದ್ಧಿ ಇಲ್ಲ, ಇತ್ಯಾದಿ. ಹುಡುಗಿಯರು ತೊಟ್ಟಿಲು ಬಿಚ್ಚಿದರು. ಇಂದುಮತಿಯ ಕಣ್ಣಲ್ಲಿ ನೀರು ನಿಂತದ್ದನ್ನು ಅವನು ಕಂಡ, ಮತ್ತು ಕಾಣದವನಂತೆ ಹೋದ.

ಅವನ ಆ ಸಿಟ್ಟಿಗೆ ಮನೆಯಲ್ಲಿ ಒಂದು ಕಾರಣವಿತ್ತು. ಹಿಂದಿನ ವರ್ಷ ಅವನಿಗೂ ವೇಣುಬಾಯಿಗೂ ಒಂದು ಹೆಣ್ಣು ಕೂಸು ಹುಟ್ಟಿತ್ತು. ಹನ್ನೆರಡನೆಯ ದಿನ ಹೆಸರಿಡಬೇಕು ಎಂದರೆ ಅವನು ಬೇಡ ಎಂದ; ಮುನಸಿಪಾಲಿಟಿಯಲ್ಲಿ ಬರೆಸಿದರಾಯಿತು, ಅವಸರವೇನು ಎಂದ. ದೃಷ್ಟಿ ತಾಗದಿರಲೆಂದು ವೇಣುಬಾಯಿ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟರೆ ಒದ್ದೆ ಕರವಸ್ತ್ರದಿಂದ ತಾನೇ ಒರೆಸಿದ. ಒಂದು ಸಲವಲ್ಲ, ದಿನಾ ಒರೆಸಿದ. ನಲವತ್ತೊಂದನೆಯ ದಿನ ಭೇದಿ ಹತ್ತಿ ಕೂಸು ಹೋಯಿತು. ಬೊಟ್ಟಿಗೂ ಭೇದಿಗೂ ಸಂಬಂಧವಿಲ್ಲ. ಇದು ಅವನಿಗೆ ಗೊತ್ತಿತ್ತು, ವೇಣುಬಾಯಿಗೂ ಗೊತ್ತಿತ್ತು. ಆಕೆ ಕಾಡಿಗೆಯ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಇಟ್ಟಳು, ಅಷ್ಟೇ. ಸಾವಿನ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ‘ಹೆಣ್ಣು ಕೂಸು’ ಎಂದು ಬರೆದಿದ್ದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಎಪ್ರಿಲ್ ತಿಂಗಳಲ್ಲಿ ದಿಲ್ಲಿಯಿಂದ ಸಮಿತಿ ಬರುವುದಿತ್ತು. ಧಾರ್ವ್ಯಾಕ್ ಅವರ ಮುಂದೆ ಕರಾವಳಿ ಬಂದರುಗಳ ಉಬ್ಬರವಿಳಿತದ ಕೋಷ್ಟಕ ಲೆಕ್ಕ ಹಾಕಬೇಕು. ಸರಿಯಾದರೆ ಲ್ಯಾಬು ಉಳಿಯುತ್ತದೆ. ಹಿಂದೆ ಎರಡು ಸಲ ಪ್ರಯತ್ನಿಸಿ ಎರಡೂ ಸಲ ವಾಲ್ವು ಸುಟ್ಟಿದ್ದವು. ಸಮಿತಿ ಬರುವ ಹಿಂದಿನ ದಿನ, ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಲು ಹೊರಗೆ ಹೋದಾಗ ಶ್ರೀಪಾದ ಒಬ್ಬನೇ ಉಳಿದ. ಅವನ ಕೋಟಿನ ಕಿಸೆಯಲ್ಲಿ ಟ್ರಂಕಿನಿಂದ ತೆಗೆದ ಆ ಡಬ್ಬಿ ಇತ್ತು. ಯಾಕೆ ತಂದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಬಾಗಿಲು ಮುಂದೆ ಮಾಡಿ, ಬೆರಳು ತುಂಬ ಕಾಡಿಗೆ ತೆಗೆದು, ಸುರುಳಿಯ ಹೊರತುದಿಯ ಖಾಲಿ ಕಾಗದಕ್ಕೆ ಒಂದು ಬೊಟ್ಟು ಇಟ್ಟ. ದಪ್ಪಗೆ ಇಟ್ಟ. ಆಮೇಲೆ ಬೆರಳು ಒರೆಸಿಕೊಂಡು ಹೊರಗೆ ಬಂದು, ಹುಡುಗಿಯರಿಗೆ ಮೂಢನಂಬಿಕೆಯ ಮೇಲೆ ಹತ್ತು ನಿಮಿಷ ಭಾಷಣ ಮಾಡಿದ.

ಮನೆಯ ಕಾಡಿಗೆ ಎಂದರೆ ಹರಳೆಣ್ಣೆಯಲ್ಲಿ ಕಲಸಿದ ಮಸಿ. ಎಪ್ರಿಲಿನ ಬಿಸಿಲಿಗೆ ಎಣ್ಣೆ ಕರಗಿತು. ಮಸಿ ಮೇಲೆ ಉಳಿಯಿತು, ಎಣ್ಣೆ ಸುರುಳಿಯ ಒಳಗೆ ಸುತ್ತಿನಿಂದ ಸುತ್ತಿಗೆ ಇಳಿಯಿತು. ಬಜ್ಜಿ ಕಟ್ಟಿದ ಪೇಪರನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಮುಂದಿನದು ಗೊತ್ತೇ ಇದೆ. ಧಾರ್ವ್ಯಾಕ್ ಟೇಪಿನ ತೂತುಗಳನ್ನು ಬೆಳಕಿನಿಂದ ಓದುತ್ತಿತ್ತು. ಎಣ್ಣೆ ಕುಡಿದ ಕಾಗದದ ಮೂಲಕ ಬೆಳಕು ಹಾಯಿತು. ತೂತಿಲ್ಲದಲ್ಲಿ ಯಂತ್ರ ತೂತು ಕಂಡಿತು.

ಮರುದಿನ ಕಾರವಾರ ಬಂದರಿನಲ್ಲಿ ಸಮುದ್ರ ಆರುನೂರ ನಲವತ್ತು ಅಡಿ ಏರುತ್ತದೆ ಎಂದು ಧಾರ್ವ್ಯಾಕ್ ಅಚ್ಚು ಹಾಕಿ ಕೊಟ್ಟಿತು. ದಿಲ್ಲಿಯವರು ನಗಬಾರದೆಂದು ಬಹಳ ಪ್ರಯತ್ನಪಟ್ಟರು. ನಿರ್ದೇಶಕ ಮಂಗಳವೇಢೆಯವರು ಅಂದೇ ಯಂತ್ರದ ಸ್ವಿಚ್ಚು ಆರಿಸಿದರು. ಅದು ಮತ್ತೆ ಹೊತ್ತಲಿಲ್ಲ.

ಶ್ರೀಪಾದನಿಗೆ ಅಂದೇ ಸಂಜೆ ತಿಳಿಯಿತು. ಟೇಪನ್ನು ಕಿಟಕಿಗೆ ಹಿಡಿದ. ಒಳಸುತ್ತಿನವರೆಗೂ ಒಂದೊಂದು ಎಣ್ಣೆಯ ಕಲೆ ಮಿನುಗುತ್ತಿತ್ತು. ಟೇಪನ್ನು ಕ್ಯಾಂಟೀನಿನ ಒಲೆಗೆ ಹಾಕಿದ. ವಿಚಾರಣೆಯಲ್ಲಿ ಇಂದುಮತಿ, “ನಾ ತಪ್ಪು ರಂಧ್ರಿಸಿಲ್ರಿ, ಟೇಪು ತರಸ್ರಿ, ಬೇಕಾದ್ರ ಒಂದೊಂದ ತೂತೂ ಎಣಿಸಿ ತೋರಸ್ತೇನಿ” ಎಂದು ಕೈ ಮುಗಿದು ಕೇಳಿದಳು. “ಟೇಪು ಕಳದದ,” ಎಂದ ಶ್ರೀಪಾದ. ‘ಆಪರೇಟರಳ ಅಜಾಗರೂಕತೆ’ ಎಂಬ ವರದಿಯ ಕೆಳಗೆ ಸಹಿ ಮಾಡಿದವರಲ್ಲಿ ಅವನದೇ ಅಕ್ಷರ ದುಂಡಗಿತ್ತು. ಅವಳನ್ನು ಕೆಲಸದಿಂದ ತೆಗೆದರು.

ನಿಜ ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತೋ ಇಲ್ಲವೋ. ಅವನ ಭಯ ಬೇರೆ ಇತ್ತು. ಯಂತ್ರಕ್ಕೆ ಬೊಟ್ಟಿಟ್ಟ ಸುದ್ದಿ ಎರಡು ಫರ್ಲಾಂಗು ನಡೆದು ಮನೆಗೆ ಹೋಗುತ್ತಿತ್ತು, ವೇಣುಬಾಯಿಯ ಕಿವಿಗೆ. ಅದೊಂದು ಬೇಡವಾಗಿತ್ತು ಅವನಿಗೆ. ಅಂದೂ ಬೇಡವಾಗಿತ್ತು, ಇಂದಿಗೂ ಬೇಡವಾಗಿತ್ತು.

ವಾರದ ಮೇಲೆ ಭವನದ ಕೋಣೆಯಲ್ಲಿ ಪದರಗಣ್ಣು ಸಣ್ಣಗೆ ಗುಂಯ್‌ಗುಡುತ್ತಿತ್ತು. ಗಾಜಿನ ಆಚೆ ಧಾರ್ವ್ಯಾಕಿನ ಸ್ಮೃತಿಯ ಜಾಳಿಗೆ, ಮಂಜಿನ ಹೊಗೆಯ ನಡುವೆ. ಶ್ರೀಪಾದರಾಯರಿಗೆ ಕುರ್ಚಿ ಹಾಕಿ, ಹೆಗಲಿಗೆ ಶಾಲು ಹೊದಿಸಿ ಕೂಡಿಸಿದ್ದರು. ಪರದೆಯ ಎಡಗಡೆ ಅಂದು ಯಂತ್ರ ಓದಿದ ಅಂಕಿಗಳು ಒಂದೊಂದಾಗಿ ಮೂಡುತ್ತಿದ್ದವು. ಬಲಗಡೆ ಓದಬೇಕಾಗಿದ್ದ ಅಂಕಿಗಳು.

“ಇವು ಎಲ್ಲಿಂದ ಸಿಕ್ಕವು?” ಎಂದು ಕೇಳಿದರು ರಾಯರು, ಬಲಗಡೆ ಬೆರಳು ಮಾಡಿ.

“ಅಂದು ಟೇಪು ರಂಧ್ರಿಸಿದವರಽ ಟೈಪಿನ ಪ್ರತಿ ಇಟ್ಟುಕೊಂಡಿದ್ರು ಸರ್. ಇಂದುಮತಿ ಹೂಗಾರ ಅಂತ. ಹುಬ್ಬಳ್ಳಿಯೊಳಗ ಅದಾರ. ಪೋಸ್ಟಿನಾಗ ಕಳಿಸಿಕೊಟ್ರು. ಅರವತ್ತು ವರ್ಷ ಇಟ್ಟಾರ ನೋಡ್ರಿ, ಒಂದು ಹಾಳಿ ಮಡಿಚಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಏಳು ಕಡೆ ಪರದೆ ಕೆಂಪಾಯಿತು. ಏಳು ಅಂಕಿಗಳಲ್ಲಿ ಇಲ್ಲದ ತೂತು. ರೇಷ್ಮಾ ಅವುಗಳ ನಡುವಿನ ಅಂತರ ಅಳೆದಳು. ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ ದೂರಕ್ಕಿಂತ ಎರಡನೆಯದಕ್ಕೂ ಮೂರನೆಯದಕ್ಕೂ ಇದ್ದ ದೂರ ಕೂದಲಷ್ಟು ಕಡಿಮೆ. ಮುಂದಿನದು ಇನ್ನೂ ಕೂದಲಷ್ಟು ಕಡಿಮೆ. ಆಕೆ ಕುರ್ಚಿಯಲ್ಲೇ ಜಿಗಿದಳು.

“ಸುರುಳಿ ಸರ್! ಒಳಗ ಹೋದಂಗ ಸುತ್ತು ಸಣ್ಣದಾಗ್ತದಲ್ರಿ. ಎಲ್ಲಾ ತೂತೂ ಒಂದರ ಕೆಳಗ ಒಂದು ಬರ್ತಾವ. ಅಂದ್ರ ಮ್ಯಾಲಿಂದ ಏನೋ ಇಳದದ. ಎಣ್ಣಿ! ಎಣ್ಣಿ ಇಳದದ ಸರ್!”

ಶ್ರೀಪಾದರಾಯರು ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರು. ಅರವತ್ತು ವರ್ಷ ಯಾರೂ ಕೇಳದ ಪ್ರಶ್ನೆಗೆ ಈ ಹುಡುಗಿ ಅರ್ಧ ದಿನದಲ್ಲಿ ಅರ್ಧ ಉತ್ತರ ಹೇಳಿಬಿಟ್ಟಿದ್ದಳು. ಉಳಿದರ್ಧವನ್ನೂ ಆಕೆಯೇ ಹುಡುಕಿದಳು, ಆದರೆ ತಪ್ಪು ಜಾಗದಲ್ಲಿ.

“ಆಗಿನ ಕಾಲದ ಹುಡುಗ್ಯಾರು ಸರ್. ತಲಿ ತುಂಬ ಕೊಬ್ಬರಿ ಎಣ್ಣಿ. ಜಡಿ ಸರಿ ಮಾಡ್ಕೊಂಡು ಅದಽ ಕೈಲೆ ಟೇಪು ಮುಟ್ಟಿರಬೇಕು. ಪಾಪ, ಗೊತ್ತಿಲ್ಲದ ಆಗೇದ. ಅಲ್ಲೇನ್ರಿ?”

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ರಾಯರು ಆ ಉಸಿರು ಎಳೆದುಕೊಂಡರು.

“ಇರಬಹುದು,” ಎಂದರು.

ಆಡಿದ ಮೇಲೆ ಅವರಿಗೆ ತಮ್ಮ ನಾಲಗೆಯ ಮೇಲೇ ಹೇಸಿಗೆ ಬಂತು. ತರುಣನಾಗಿದ್ದಾಗ ಮಾಡಿದ್ದಕ್ಕೆ ವಯಸ್ಸನ್ನಾದರೂ ನೆವ ಹೇಳಬಹುದಿತ್ತು. ಇದಕ್ಕೆ ಏನು ಹೇಳುವುದು? ಸುಡುಗಾಡಿಗೆ ಹೋಗಲು ದಿನ ಎಣಿಸುತ್ತಿರುವ ಮನುಷ್ಯ, ಅದೇ ಹೆಂಗಸಿನ ತಲೆಗೆ ಅದೇ ತಪ್ಪನ್ನು ಎರಡನೆಯ ಸಲ ಕಟ್ಟಿದ್ದ.

ಎರಡು ದಿನ ಬಿಟ್ಟು ಭವನದಿಂದ ಫಲಕದ ಕರಡು ಬಂತು. ರಾಯರ ಕನ್ನಡಕ ಸಿಗದ ಕಾರಣ ವೇಣುಬಾಯಿಯವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ಶ್ರೀಪಾದ ಧಾರ್ವ್ಯಾಕ್. ಕಟ್ಟಿದವರ ಹೆಸರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ಆಪರೇಟರಳ ಕೈಯ ಎಣ್ಣೆ ಟೇಪಿಗೆ ತಾಗಿದ್ದರಿಂದ ಪ್ರದರ್ಶನ ವಿಫಲವಾಯಿತು.

“ಇದ್ಯಾಕ ಹಾಕ್ಯಾರ?” ಎಂದರು ವೇಣುಬಾಯಿ. “ಆ ಹುಡಿಗಿ ಜೀವಂತ ಅದಾಳೋ ಇಲ್ಲೋ. ಇದ್ರ ನೋಡಿ ಎಷ್ಟು ನೊಂದ್ಕೋತಾಳ.”

“ಅದಾಳ,” ಎಂದರು ರಾಯರು.

“ಮನಿಗೆ ಬಂದಿದ್ಲು, ನಿಮಗ ನೆನಪದೇನು? ಕೆಲಸಾ ತಗದಮ್ಯಾಲ. ‘ಬಾಯೀ, ನೀವಾದ್ರೂ ಸಾಹೇಬ್ರಿಗೆ ಒಂದು ಮಾತು ಹೇಳ್ರಿ’ ಅಂತ ಅತ್ಲು. ನೀವು ಒಳಗಿನ ಖೋಲ್ಯಾಗ ಇದ್ರಿ. ಹೊರಗ ಬರಲಿಲ್ಲ.”

ನೆನಪಿತ್ತು. ಬಾಗಿಲ ಸಂದಿಯಿಂದ ಅವಳ ಚಪ್ಪಲಿ ಕಂಡದ್ದೂ ನೆನಪಿತ್ತು. “ಊಟಕ್ಕ ಬ್ಯಾಡ ನನಗ,” ಎಂದು ರಾಯರು ಎದ್ದರು. ವೇಣುಬಾಯಿ ಗಂಡನ ಬೆನ್ನನ್ನು ನೋಡುತ್ತ ನಿಂತರು. ನಂತರ ಹೋಗಿ ಅವರ ಪಾಲಿನ ಜೋಳದ ಭಕ್ರಿಯನ್ನು ಅರಿವೆಯಲ್ಲಿ ಸುತ್ತಿ ಬಿಸಿ ಉಳಿಯುವಂತೆ ಮುಚ್ಚಿಟ್ಟರು. ಅರವತ್ತೈದು ವರ್ಷ ಆಕೆ ಹೀಗೇ ಮಾಡುತ್ತ ಬಂದಿದ್ದರು. ಆ ಮಮತೆಯೇ ರಾಯರನ್ನು ಈಗ ಹೆಚ್ಚು ಸುಡುತ್ತಿತ್ತು.

ಫಲಕಕ್ಕೆ ಕೊನೆಯ ಒಪ್ಪಿಗೆ ಕೊಡಲು ಶುಕ್ರವಾರ ಮುಂಜಾನೆ ಕರೆದಿದ್ದರು. ವೇಣುಬಾಯಿಯವರೂ ಇಳಕಲ್ ಸೀರೆ ಉಟ್ಟು ಹೊರಟರು. ಗಂಡನ ಹೆಸರು ಗೋಡೆಗೆ ಏರುವುದನ್ನು ಕಣ್ಣಾರೆ ನೋಡಬೇಕಿತ್ತು. ಭವನದ ಒಳಗೆ ಹೋದರೆ, ಹೆಸರಿನ ಗೋಡೆಯ ಕೆಳಗಿನ ಬಾಕಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬಿಳಿ ಕೂದಲು, ತಿದ್ದಿ ತೀಡಿದಂಥ ನೆಟ್ಟಗಿನ ಬೆನ್ನು. ಶ್ರೀಪಾದರಾಯರಿಗೆ ಮುಖಕ್ಕಿಂತ ಮೊದಲು ಆ ಬೆನ್ನು ಗುರುತಾಯಿತು.

“ನಮಸ್ಕಾರ್ರಿ ಸರ್,” ಎಂದು ಇಂದುಮತಿ ಎದ್ದು ನಿಂತಳು. ಅರವತ್ತು ವರ್ಷದ ಮೇಲೂ ಅವರಿಗಾಗಿ ಎದ್ದು ನಿಂತಿದ್ದಳು.

ಆಕೆಯನ್ನೂ ಕರೆಸಿದ್ದ ರೇಷ್ಮಾ ಫಲಕದ ಕರಡನ್ನು ಆಕೆಯ ಕೈಗೆ ಕೊಟ್ಟಳು. ಇಂದುಮತಿ ಅದನ್ನು ಎರಡು ಸಲ ಓದಿದಳು. ಕೆಳಗಿಟ್ಟಳು.

“ಇದು ಖರೇ ಅಲ್ರಿ ಅಕ್ಕಾವ್ರ,” ಎಂದಳು, ಮೆಲ್ಲಗೆ. “ನಾವು ಐದೂ ಮಂದಿ ಟೇಪು ಮುಟ್ಟೂಕಿಂತ ಮೊದಲ ಶೀಗಿಕಾಯಿ ಹಾಕಿ ಕೈ ತೊಳಕೋತಿದ್ವಿ. ಬೆವರು ಹತ್ತಬಾರದಂತ ಮ್ಯಾಲ ಸೀಮಿಸುಣ್ಣದ ಪುಡಿ ಹಚ್ಕೋತಿದ್ವಿ. ದೇವರ ಹೂವ ಕಟ್ಟೂ ಮನಿತನರಿ ನಮ್ದು. ಕೈ ಹೊಲಸ ಇಟ್ಕೊಂಡು ಏನೂ ಮುಟ್ಟಾವ್ರಲ್ಲ.”

“ತಪ್ಪು ಅಂತ ಅಲ್ರಿ ಅಮ್ಮಾ. ಗೊತ್ತಿಲ್ಲದಽ...” ಎಂದು ರೇಷ್ಮಾ ಸಮಾಧಾನ ಹೇಳಹೋದಳು.

“ಗೊತ್ತಿಲ್ದ ಅಂತಽ ಅಂದಿದ್ರು ಆವಾಗೂ. ಅಜಾಗರೂಕತೆ ಅಂತ ಬರದಿದ್ರು. ನಮ್ಮಪ್ಪಗ ಓದಾಕ ಬರ್ತಿರಲಿಲ್ಲ, ಯಾರೋ ಓದಿ ಹೇಳಿದ್ರು. ಮರದಿನದಿಂದ ನಾ ಹೂವ ಕಟ್ಟಾಕ ಕುಂತ್ರ ‘ಕೈ ತೊಳಕೊಂಡೀ ಏನ?’ ಅಂತ ಕೇಳಾಂವ. ಅದಕ್ಕ ಮೊದಲ ಎಂದೂ ಕೇಳಿದ್ದಿಲ್ಲ. ಸಾಯೂತನಕಾ ಕೇಳಿದ. ಈಗ ಇದನ್ನ ಗ್ವಾಡಿಗೆ ಬರದ್ರ ನನ್ನ ಮೊಮ್ಮಕ್ಕಳೂ ಕೇಳ್ತಾರ.”

ಆಕೆ ಅಳಲಿಲ್ಲ. ಅತ್ತಿದ್ದರೆ ರಾಯರು ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಅವರು ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ವೇಣುಬಾಯಿ ಮರುಕದಿಂದ ಇಂದುಮತಿಯ ಕೈ ಹಿಡಿದುಕೊಂಡಿದ್ದರು. ಒಂದು ಕ್ಷಣ ಸುಮ್ಮನಿದ್ದರೆ ಆ ಕೈ ಹಾಗೇ ಇರುತ್ತಿತ್ತು, ಸಂಸಾರವೂ ಹಾಗೇ ಇರುತ್ತಿತ್ತು.

“ಎಣ್ಣಿ ನಂದು,” ಎಂದರು ಶ್ರೀಪಾದರಾಯರು.

ಯಾರಿಗೂ ಅರ್ಥವಾಗಲಿಲ್ಲ. ಅವರು ಮತ್ತೆ ಹೇಳಬೇಕಾಯಿತು. ಈ ಸಲ ಪೂರ್ತಿ, ಮೊದಲಿನಿಂದ. ಬುತ್ತಿಯ ಹೊತ್ತು, ಮುಂದೆ ಮಾಡಿದ ಬಾಗಿಲು, ಸುರುಳಿಯ ತುದಿ, ಬೆರಳು ತುಂಬ ಕಾಡಿಗೆ. ಒಲೆಗೆ ಹಾಕಿದ ಟೇಪು. ಕಳೆದಿದೆ ಎಂದ ಸುಳ್ಳು. ಮೊನ್ನೆ ಇದೇ ಭವನದಲ್ಲಿ ಇರಬಹುದು ಎಂದದ್ದು. ಹೇಳುವಾಗ ಗೋಡೆಯ ಮೇಲಿನ ಹೆಸರುಗಳನ್ನು ನೋಡುತ್ತ ಹೇಳಿದರು, ಮನುಷ್ಯರ ಮುಖ ನೋಡಲು ಆಗಲಿಲ್ಲ. “ನನ್ನ ಹೆಸರು ತಗೀರಿ ರೇಷ್ಮಾ. ಸಣ್ಣ ಅಕ್ಷರದಾಗ ಏನು ಬರದೀರಿ, ಅದರಾಗ ನನ್ನ ಹೆಸರು ಹಾಕ್ರಿ. ದೊಡ್ಡ ಅಕ್ಷರದಾಗ ಹಾಕ್ರಿ. ಈ ಜಾಳಿಗಿ ಹೆಣದಾಕಿ ಇಂದುಮತಿ, ಅದನ್ನೂ ಬರೀರಿ.”

ರೇಷ್ಮಾ ತಲೆ ಆಡಿಸಿ ಬರೆದುಕೊಂಡಳು.

“ಇಂದುಮತಿ,” ಎಂದು ರಾಯರು ಕೈ ಜೋಡಿಸಿದರು.

“ಬ್ಯಾಡ್ರಿ ಸರ್,” ಎಂದಳು ಆಕೆ. “ಕೈ ಮುಗೀಬ್ಯಾಡ್ರಿ. ನಾನೂ ಮುಗದಿದ್ದೆ.” ಇಷ್ಟೇ ಹೇಳಿ ತನ್ನ ಟೈಪಿನ ಪ್ರತಿಯನ್ನು ರೇಷ್ಮಾಳಿಂದ ಕೇಳಿ ಪಡೆದು, ಚೀಲದಲ್ಲಿಟ್ಟುಕೊಂಡು, ಬಾಗಿಲ ಕಡೆ ನಡೆದಳು. ಹೋಗುವಾಗ ಬೆನ್ನು ಬಂದಾಗಿನಷ್ಟೇ ನೆಟ್ಟಗಿತ್ತು. ರೇಷ್ಮಾ ಆಕೆಯನ್ನು ಬಸ್ಸಿಗೆ ಕಳಿಸಲು ಹಿಂದೆಯೇ ಓಡಿದಳು.

ಗಂಡ ಹೆಂಡತಿ ಇಬ್ಬರೇ ಉಳಿದಾಗ ಭವನ ಇನ್ನೂ ದೊಡ್ಡದಾಗಿ ಕಂಡಿತು. ವೇಣುಬಾಯಿ ಬಾಕಿನ ಮೇಲೆ ಕೂತರು.

“ಆ ಡಬ್ಬಿಯೊಳಗ ನಿಮ್ಮ ಬೆರಳಿನ ಗುರುತು ನಾ ನೋಡಿದ್ದೆ,” ಎಂದರು. “ಟ್ರಂಕು ತಗದಾಗ. ದಪ್ಪ ಬೆರಳು, ನಿಮ್ಮದಽ. ನಾ ಏನು ತಿಳಕೊಂಡಿದ್ದೆ ಗೊತ್ತದೇನು? ಕೂಸಿನ ನೆನಪಾಗಿ, ನನಗ ಕಾಣದಂಗ ತಗದು ಮುಟ್ಟ್ಯಾರ ಅಂತ. ಬಾಯಿಲೆ ಹೇಳೂದಿಲ್ಲ, ಒಳಗ ಅಳತಾರ ಅಂತ. ಆ ಒಂದು ಗುರುತಿನ ಮ್ಯಾಲ ನಿಮ್ಮ ಜೋಡಿ ಇಷ್ಟು ವರ್ಷ ಬಾಳೇ ಮಾಡೀನಿ.”

“ಅದೂ ಇತ್ತು ವೇಣು,” ಎಂದರು ರಾಯರು. “ದೇವರಾಣಿ, ಅದೂ ಇತ್ತು.”

ಜೀವಮಾನದಲ್ಲಿ ಮೊದಲ ಸಲ ದೇವರ ಆಣೆ ಇಟ್ಟ ಗಂಡನನ್ನು ವೇಣುಬಾಯಿ ತಲೆ ಎತ್ತಿ ನೋಡಿದರು. ಸಿಟ್ಟಿರಲಿಲ್ಲ. ಏನನ್ನೋ ಇನ್ನೂ ನಂಬಲು ಜಾಗ ಹುಡುಕುತ್ತಿರುವಂತಿತ್ತು ಆ ನೋಟ.

“ಇದ್ರ ಹೇಳ್ರಿ,” ಎಂದರು. “ಹೆಸರು ಇಡಾಕ ಬಿಡಲಿಲ್ಲ, ಹೋಗಲಿ. ಇಟ್ಟಿದ್ರ ಏನಂತ ಇಡತಿದ್ರಿ? ಇಷ್ಟು ವರ್ಷದಾಗ ಒಂದು ದಿನಾ ಆದ್ರೂ ಮನಸಿನ್ಯಾಗ ಅಕಿನ್ನ ಏನಂತ ಕರದೀರಿ?”

ಶ್ರೀಪಾದರಾಯರು ಬಾಯಿ ತೆರೆದರು. ಎದುರಿನ ಗೋಡೆಯ ತುಂಬ ಹೆಸರುಗಳಿದ್ದವು. ಯಾವುದು ಯಾವ ವರ್ಷ ಹುಟ್ಟಿತು, ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು ಅವರು. ವೇಣುಬಾಯಿ ಕಾಯುತ್ತಿದ್ದರು. ರಾಯರು ನೆನಪಿನ ಮೂಲೆ ಮೂಲೆ ತಡಕಿದರು. ಈಗ ಯಾವುದಾದರೂ ಒಂದನ್ನು ಕಟ್ಟಿ ಹೇಳಿದರೆ ಆಕೆ ನಂಬುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಹೇಳಲಿಲ್ಲ. ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿ, ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತರು.